ವೀರಸ್ವರ್ಗದ ಅರ್ಕಾವತ್ತು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಮನೆ ಹೆಸರು, ಶಂಕುಸ್ಥಾಪನೆಯ ಫಲಕ ಎಲ್ಲ ಕೆತ್ತಿಕೊಡುವ ಅಂಗಡಿಯೊಂದಿದೆ. ಚಿಕ್ಕಪ್ಪನ ಕಲ್ಲು ಮಾಡಿಸಿದ್ದು ಅಲ್ಲಿ.

ಚಿಕ್ಕಪ್ಪ ತೀರಿಕೊಂಡದ್ದು 1971ರ ಯುದ್ಧದಲ್ಲಿ. 1999ರಲ್ಲಿ ಕಾರ್ಗಿಲ್‌ನಿಂದ ತ್ರಿವರ್ಣ ಹೊದಿಸಿದ ಪೆಟ್ಟಿಗೆಗಳು ಊರೂರಿಗೆ ಬಂದದ್ದನ್ನು ಟಿವಿಯಲ್ಲಿ ಕಂಡೆವು. ಮೊದಲು ಹಾಗಿರಲಿಲ್ಲ, ಸಾಮಾನ್ಯವಾಗಿ ರಣರಂಗದ ಹತ್ತಿರವೇ ಸಂಸ್ಕಾರ ಮುಗಿಯುತ್ತಿತ್ತು. ನಮ್ಮ ಮನೆಗೆ ಬಂದದ್ದು ಒಂದು ತಂತಿ, ಆಮೇಲೆ ಒಂದು ಕಬ್ಬಿಣದ ಟ್ರಂಕು. ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ಡಿಸೆಂಬರ್ 16, ವಿಜಯ ದಿವಸ. ಅಂದು ಅಜ್ಜಿ ಹೂ ಇಡುತ್ತಿದ್ದದ್ದು ಆ ಟ್ರಂಕಿನ ಮೇಲೆ. ಗೆದ್ದ ದಿನವಲ್ಲವೇ ಎಂದು ಯಾರಾದರೂ ಹೇಳಿದರೆ ಎದ್ದು ಒಳಗೆ ಹೋಗುತ್ತಿದ್ದರು. ಈಗ ಟ್ರಂಕಿನ ತಳ ತುಕ್ಕು ಹಿಡಿದು ಉದುರಿದೆ. ಹಾಗಾಗಿ ಕಲ್ಲು.

ಎರಡೂವರೆ ಅಡಿಯ ಕರಿ ಗ್ರಾನೈಟ್, ಕೆತ್ತನೆ ಸೇರಿ 11,500 ರೂಪಾಯಿ. ಚೌಕಾಶಿಗೆ ಬಗ್ಗುವವರಲ್ಲ. ಕಂಪ್ಯೂಟರಿನಲ್ಲಿ ಸ್ಟಿಕ್ಕರ್ ಕತ್ತರಿಸಿ ಕಲ್ಲಿಗೆ ಅಂಟಿಸಿ ಮರಳು ಊದುತ್ತಾರೆ. ಹೇಳಿದ ದಿನಕ್ಕೆ ರೆಡಿ ಮಾಡಿದ್ದರು. ನೋಡಿದರೆ "ವೀರಸ್ವಗ ಸೇರಿದ" ಎಂದಿದೆ! ಅರ್ಕಾವತ್ತೇ ಹಾರಿಹೋಗಿದೆ. ಫಾಂಟಿನ ತೊಂದರೆಯಂತೆ. "ಮಲಯಾಳದಲ್ಲಾದರೆ ಈ ಪಂಚಾತಿಗೆ ಇಲ್ಲ ಟೀಚರೇ" ಅಂದ ಕೌಂಟರಿನ ಹುಡುಗ. ಮೂವತ್ತೊಂದು ವರ್ಷ ಕನ್ನಡ ಮೀಡಿಯಂ ಮಕ್ಕಳಿಗೆ ಅರ್ಕಾವತ್ತು ತಿದ್ದಿಸಿದವಳ ಹತ್ತಿರ ಹೇಳುವ ಮಾತೇ ಅದು?

ನನ್ನ ಗಲಾಟೆ ಕೇಳಿ ಹಿಂದಿನ ಶೆಡ್ಡಿನಿಂದ ವಯಸ್ಸಾದ ಮೇಸ್ತ್ರಿ ಬಂದರು. "ನೀವೇ ಬರೆದುಕೊಡಿ, ಉಳಿಯಲ್ಲಿ ಕೆತ್ತುತ್ತೇನೆ" ಎಂದರು. ಹೊಸ ಕಲ್ಲಿನ ಮೇಲೆ, ಬೋರ್ಡಿನಲ್ಲಿ ಬರೆಯುವ ಹಾಗೆಯೇ, ಸೀಮೆಸುಣ್ಣದಲ್ಲಿ ಬರೆದೆ. ವೀರಗಲ್ಲಿನಲ್ಲಿರುವಂತೆ ತಲೆಯ ಮೇಲೆ ಸೂರ್ಯ, ಚಂದ್ರ ಬೇಕೆಂದೆ. ಯಾಕೆ ಎಂದು ಕೇಳಿದರು. ಅವು ಇರುವ ತನಕ ಹೆಸರೂ ಇರಲಿ ಅಂತ, ಎಂದೆ. ಸ್ವಲ್ಪ ಯೋಚಿಸಿ, "ಹಾಗಾದರೆ ಒಂದು ನೂಲು ಜಾಸ್ತಿ ಆಳ ಹೋಗುವಾ" ಎಂದರು.

ಎಂಟು ದಿನ ತಡವಾಯಿತು. ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಅಂಚಿನ ಪಾಲಿಶ್ ಒಂದು ಕಡೆ ಒರಟಾಗಿದೆ, ಆದರೆ ಅಕ್ಷರದಲ್ಲಿ ಬೆರಳಾಡಿಸಿದರೆ ನನ್ನದೇ ಕೈಬರಹ. ಐದರಲ್ಲಿ ನಾಲ್ಕು ಕೊಡುತ್ತೇನೆ, ನಾಲ್ಕೂ ಮೇಸ್ತ್ರಿಗೆ. ಕನ್ನಡದ ಕಲ್ಲಾದರೆ ಕೌಂಟರಿನಲ್ಲಿ ನಿಲ್ಲದೆ ನೇರ ಶೆಡ್ಡಿಗೆ ಹೋಗಿ.

ತಪ್ಪಾದ ಕಲ್ಲು ಅಲ್ಲೇ ಗೋಡೆಗೆ ಒರಗಿಕೊಂಡಿದೆ. ಚಿಕ್ಕಪ್ಪನ ಹೆಸರಿದೆ, ಮೆಟ್ಟಿಲಿಗೆ ಹಾಕಬೇಡಿ ಎಂದು ಹೇಳಿ ಬಂದಿದ್ದೇನೆ.