ಕುಶಾಲನಗರದ ಬಳಿಯ ಕಾಫಿ ಪರೀಕ್ಷಾ ಕೇಂದ್ರದಲ್ಲಿ ಅರ್ಧ ದಿನ

ಹೋದ ವರ್ಷ ವ್ಯಾಪಾರಿಯೊಬ್ಬರು ನಮ್ಮ ಪಾರ್ಚ್‌ಮೆಂಟ್ ಬೀಜವನ್ನು (ಹಣ್ಣಿನ ಹೊರಸಿಪ್ಪೆ ಸುಲಿದು, ಒಳಸಿಪ್ಪೆ ಉಳಿಸಿ ಒಣಗಿಸಿದ ಕಾಫಿ ಬೀಜ) ಹಲ್ಲಲ್ಲಿ ಕಚ್ಚಿ, 'ಹಸಿ ಇದೆ' ಎಂದು ಚೀಲಕ್ಕೆ ಇನ್ನೂರು ರೂಪಾಯಿ ಮುರಿದುಕೊಂಡರು. ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ. ಹಾಗಾಗಿ ಈ ಸಲ ಮಾರುವ ಮೊದಲೇ ಅರೇಬಿಕಾ ಮಾದರಿಯನ್ನು ಪರೀಕ್ಷೆಗೆ ಕೊಟ್ಟೆ.

ತೇವ ಶೇ. 10.2 ಬಂತು. ಇರಬೇಕಾದದ್ದು ಶೇ. 10ರ ಆಸುಪಾಸು, ಕಣದಲ್ಲಿ ಎಂಟು ದಿನ ಕೈಯಾಡಿಸಿದ್ದು ಸಾರ್ಥಕವಾಯಿತು. ಗಾತ್ರ ನೋಡಲು, ಒಳಸಿಪ್ಪೆಯನ್ನೂ ತೆಗೆದ ಬೀಜವನ್ನು 18ನೇ ಜರಡಿಯಲ್ಲಿ ಆಡಿಸಿದರು. ಅದರ ತೂತು ಸುಮಾರು 7.1 ಮಿ.ಮೀ. ಆಮೇಲೆ ಪರೀಕ್ಷಕಿ ಕಪ್ಪು ಹಾಳೆಯ ಮೇಲೆ ಬೀಜ ಹರಡಿ ಒಂದೊಂದನ್ನೇ ಹೊರಳಿಸಿದಳು. "ಅಂಕಲ್, ಈ ಅಂಚು ನೋಡಿ. ಪಲ್ಪರ್ ಕಚ್ಚಿದ ಗಾಯ. ಸಂದು ಸ್ವಲ್ಪ ಸಡಿಲಿಸಿ" ಎಂದಳು. ಪಲ್ಪರ್ ಎಂದರೆ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಮೂವತ್ತು ವರ್ಷ ಕಾಫಿ ಬೆಳೆದ ನನಗೆ ಆ ಸಣ್ಣ ಕಂದು ಗೀರು ಕಂಡೇ ಇರಲಿಲ್ಲ!

ಹುಡುಗಿ ಸೋಮವಾರಪೇಟೆಯವಳು. ಮೊದಲು ಪೀಣ್ಯದಲ್ಲಿ ವರ್ನಿಯರ್ ಹಿಡಿದು ಯಂತ್ರದ ಬಿಡಿಭಾಗ ಅಳೆಯುತ್ತಿದ್ದಳಂತೆ. ಬಳಿಕ ಕಾಫಿ ಮಂಡಳಿಯ ಗುಣಮಟ್ಟ ನಿರ್ವಹಣಾ ಡಿಪ್ಲೊಮಾ ಮಾಡಿ ಊರಿಗೆ ಮರಳಿದ್ದಾಳೆ. ರುಚಿ, ಪರಿಮಳ ನೋಡಲು ಹುರಿದ ಕಾಫಿಪುಡಿಗೆ ಬಿಸಿನೀರು ಹೊಯ್ದು ನಾಲ್ಕು ನಿಮಿಷವಾದ ಮೇಲೆ ಚಮಚದಿಂದ ನೊರೆ ಸರಿಸಿ, ಮೂಗು ಬಟ್ಟಲಿಗೆ ತಾಗುವಷ್ಟು ಬಗ್ಗಿದಳು. ಬಿ.ಎಸ್ಸಿ. ಓದುತ್ತಿರುವ ನನ್ನ ಮಗಳು ಅವಳ ಪಕ್ಕ ಬಿಟ್ಟು ಕದಲಲಿಲ್ಲ.

ವರದಿ ಇಂಗ್ಲಿಷಿನಲ್ಲಷ್ಟೇ ಇದೆ. ಬೆಳೆಗಾರರಿಗೆ ಕನ್ನಡದಲ್ಲೂ ಕೊಡಲೇಬೇಕು. ಕೈಗೆ ಬರಲು ಆರು ದಿನ ಹಿಡಿಯಿತು. ಆದರೂ ಮುಂದಿನ ಕೊಯ್ಲಿಗೆ ರೊಬಸ್ಟಾ ಮಾದರಿಯನ್ನೂ ಅಲ್ಲಿಗೇ ಒಯ್ಯುತ್ತೇನೆ. ಪಲ್ಪರ್ ಸಂದನ್ನು ನಿನ್ನೆಯೇ ಸರಿಪಡಿಸಿದೆ.