ದ್ವೀಪದ ದಾರಿಗೆ ಯಾವುದು: ಡಕೋಟಾ, ಐಲ್ಯಾಂಡರ್, ಟ್ವಿನ್ ಆಟರ್?

ಲಡಕಾಸಿ ಗಾಡಿಗೆ 'ಡಕೋಟಾ' ಅನ್ನೋದು ನಮ್ಮಲ್ಲಿ ರೂಢಿ. ನಿಜವಾದ ಡಕೋಟಾವನ್ನು, ಅಂದರೆ ಡಿಸಿ-3ಯನ್ನು, ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಹಾರಿಸಿದ ಮೇಲೆ ನನಗೆ ಆ ಮಾತು ಬಾಯಿಗೆ ಬರುತ್ತಿಲ್ಲ. 1935ರಲ್ಲಿ ಮೊದಲು ಹಾರಿದ ವಿಮಾನ ಇದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಕ್ಕ ಡಕೋಟಾಗಳನ್ನು ಪ್ರಯಾಣಿಕರಿಗೆ ತಕ್ಕಂತೆ ಬದಲಿಸಿದ ಕೆಲಸ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ನಡೆದಿತ್ತು.

ಸ್ಕಾಟ್ಲೆಂಡಿನ ದ್ವೀಪಗಳ ಮೇಲೆ ಇದನ್ನು ಬ್ರಿಟನ್-ನಾರ್ಮನ್ ಐಲ್ಯಾಂಡರ್ ಮತ್ತು ಟ್ವಿನ್ ಆಟರ್ ಎಂಬ ಸಣ್ಣ ವಿಮಾನಗಳ ಜೊತೆ ಇಟ್ಟು ನೋಡಿದೆ. ಅವೆರಡೂ 1965ರಲ್ಲಿ ಮೊದಲು ಹಾರಿದವು.

ಡಕೋಟಾ ಬಾಲದ ಮೇಲೆ ಕೂರುತ್ತದೆ. ಮೂಗು ಆಕಾಶ ನೋಡುತ್ತಿರುವುದರಿಂದ ಎದುರಿನ ರನ್‌ವೇ ಕಾಣುವುದೇ ಇಲ್ಲ. ಪಕ್ಕದ ಹುಲ್ಲಿನ ಅಂಚು ನೋಡಿಕೊಂಡೇ ಹೊರಡಬೇಕು. ಬಾಲದ ಚಕ್ರ ಲಾಕ್ ಮಾಡಿ, ಮ್ಯಾನಿಫೋಲ್ಡ್ ಪ್ರೆಷರನ್ನು, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡವನ್ನು, ನಿಧಾನವಾಗಿ 48 ಇಂಚಿಗೆ ಏರಿಸಿದರೆ ವಿಮಾನ ಎಡಕ್ಕೆ ಎಳೆಯುತ್ತದೆ, ಬಲಗಾಲು ಪೆಡಲ್ ಒತ್ತಿ ತಡೆಯುತ್ತಿರಬೇಕು. ವೇಗ ಕೂಡಿದಂತೆ ಬಾಲ ಮೇಲೇಳುತ್ತದೆ, ಇಡೀ ರನ್‌ವೇ ಒಮ್ಮೆಲೇ ಗಾಜಿನೊಳಗೆ ಬಂದು ನಿಲ್ಲುತ್ತದೆ. ಆ ಒಂದು ಕ್ಷಣಕ್ಕಾಗಿಯೇ ನಾನು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ಕರ್ಕ್‌ವಾಲ್‌ನಿಂದ ಮತ್ತೆ ಮತ್ತೆ ಹೊರಟಿದ್ದೇನೆ. ಇಳಿಯುವುದು ಬೇರೆಯೇ ಕಥೆ. ಅಡ್ಡಗಾಳಿಯಲ್ಲಿ ಚಕ್ರ ನೆಲ ಮುಟ್ಟಿದ ಮೇಲೂ ಹಾರಾಟ ಮುಗಿದಿರುವುದಿಲ್ಲ. ಕಾಲು ಸಡಿಲ ಬಿಟ್ಟ ಎರಡು ಸಲವೂ ವಿಮಾನ ಗಿರಕಿ ಹೊಡೆದು ಹುಲ್ಲಿಗೆ ಹೋಯಿತು. ರಡರ್ ಪೆಡಲ್, ಅಂದರೆ ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಕಾಲಿನ ಪೆಡಲ್, ಇಲ್ಲದವರು ಸಿಮ್ಯುಲೇಟರ್‌ಗೆ ಇದನ್ನು ಕೊಳ್ಳಬೇಡಿ.

ಆದರೆ ದ್ವೀಪದಿಂದ ದ್ವೀಪಕ್ಕೆ ಜಿಗಿಯಲು ಡಕೋಟಾ ಒಗ್ಗುವುದಿಲ್ಲ. ಆರ್ಕ್ನಿಯ ವೆಸ್ಟ್ರೇ ದ್ವೀಪದಿಂದ ಪಕ್ಕದ ಪಾಪಾ ವೆಸ್ಟ್ರೇಗೆ ಬರೀ 2.7 ಕಿಲೋಮೀಟರ್. ಸ್ಕಾಟ್ಲೆಂಡಿನ ವಿಮಾನ ಸಂಸ್ಥೆ ಲೋಗನ್ಏರ್ ಇಲ್ಲಿ ಐಲ್ಯಾಂಡರ್ ಹಾರಿಸುತ್ತದೆ, ಎರಡು ನಿಮಿಷದ ಪ್ರಯಾಣ. 53 ಸೆಕೆಂಡಿನಲ್ಲಿ ಮುಟ್ಟಿದ ದಾಖಲೆಯೂ ಇದೆ. ಡಕೋಟಾದಲ್ಲಿ ಚಕ್ರ ಒಳಗೆಳೆದುಕೊಳ್ಳುವಷ್ಟರಲ್ಲಿ ಊರು ದಾಟಿಬಿಡುತ್ತೇವೆ. ಐಲ್ಯಾಂಡರ್‌ನ ಚಕ್ರ ಮಡಚುವಂಥದ್ದೇ ಅಲ್ಲ. 260 ಅಶ್ವಶಕ್ತಿಯ ಎರಡು ಎಂಜಿನ್, ಸರಳ ಗೇಜುಗಳು, ಅಷ್ಟೇ. ಎದ್ದ ಕೂಡಲೇ ಎದುರಿನ ದ್ವೀಪದ ಹೊಲ ಕಾಣುತ್ತದೆ, ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿ) ಇಳಿಸುವ ಹೊತ್ತೂ ಬಂದಿರುತ್ತದೆ. ವೇಗವಿಲ್ಲ, ಸದ್ದು ಜಾಸ್ತಿ. ಆದರೂ ಸಂಜೆ ಅರ್ಧ ಗಂಟೆ ಬಿಡುವಿದ್ದರೆ ನಾನು ತೆರೆಯುವುದು ಇದನ್ನೇ. ಅಷ್ಟರಲ್ಲಿ ನಾಲ್ಕು ದ್ವೀಪ ಮುಟ್ಟಿ ಬರಬಹುದು.

ಟ್ವಿನ್ ಆಟರ್ ಟರ್ಬೊಪ್ರಾಪ್, ಅಂದರೆ ಟರ್ಬೈನ್ ಎಂಜಿನ್ ಪ್ರೊಪೆಲ್ಲರ್ ತಿರುಗಿಸುವ ವಿಮಾನ, 19 ಸೀಟು. ಥ್ರಾಟಲ್ ತಲೆಯ ಮೇಲೆ, ಚಾವಣಿಯಲ್ಲಿ. ಕೈ ಒಗ್ಗಲು ಒಂದು ವಾರ ಹಿಡಿಯಿತು. ರಿವರ್ಸ್‌ಗೆ, ಅಂದರೆ ಇಳಿದ ಮೇಲೆ ಪ್ರೊಪೆಲ್ಲರ್ ಹಿಂದಕ್ಕೆ ತಳ್ಳಿ ವೇಗ ಇಳಿಸುವುದಕ್ಕೆ, ಬೇರೆ ಬಟನ್ ಗೊತ್ತುಮಾಡಿಕೊಳ್ಳಿ. ಕೆರಿಬಿಯನ್‌ನ ಸಾಬಾ ದ್ವೀಪದಲ್ಲಿ ರನ್‌ವೇ 400 ಮೀಟರ್, ಎರಡೂ ತುದಿಗೆ ಸಮುದ್ರಕ್ಕೆ ಇಳಿಯುವ ಬಂಡೆ. ಅಲ್ಲಿ ರಿವರ್ಸ್ ಇಲ್ಲದೆ ಇಳಿಯುವ ಧೈರ್ಯ ನನಗೆ ಬಂದಿಲ್ಲ. ಇದರ ನಿಜವಾದ ಮನೆ ಮಾತ್ರ ಸ್ಕಾಟ್ಲೆಂಡಿನ ಬಾರಾ ದ್ವೀಪ. ಅಲ್ಲಿ ಕಡಲತೀರದ ಮರಳೇ ರನ್‌ವೇ. ಭರತ ಬಂದರೆ ಮುಳುಗುತ್ತದೆ. ಸಿಮ್ಯುಲೇಟರ್‌ನಲ್ಲಿ ಯಾರೂ ಕೇಳುವುದಿಲ್ಲ, ಆದರೂ ನಾನು ಬಾರಾದ ಅಂದಿನ ಇಳಿತದ ಸಮಯ ನೋಡಿಕೊಂಡೇ ಗ್ಲಾಸ್ಗೋದಿಂದ ಎಂಜಿನ್ ಶುರು ಮಾಡುವುದು.