47ಆರ್‌ಇ ಗೇರ್‌ಬಾಕ್ಸಿಗೆ ಮಿತವ್ಯಯದ ರೀಬಿಲ್ಡ್ ಕಿಟ್: ಏಳು ತಿಂಗಳು ಟ್ರೇಲರ್ ಎಳೆದ ಮೇಲೆ

ಹಳೆಯ ಡಾಡ್ಜ್ ರ‍್ಯಾಮ್ 2500 ಡೀಸೆಲ್ ಟ್ರಕ್ಕಿನ 47ಆರ್‌ಇ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗಾಗಿ ನಾನು ತರಿಸಿದ್ದು ಮೂರು ವಸ್ತುಗಳನ್ನು: ‘ಮಾಸ್ಟರ್’ ಎಂಬ ಹಣೆಪಟ್ಟಿಯ ರೀಬಿಲ್ಡ್ ಕಿಟ್, ಒಳಭಾಗ ಹೊಸದಾಗಿಸಿದ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ತಿರುಗುವಿಕೆಯನ್ನು ಆಯಿಲಿನ ಮೂಲಕ ಪೆಟ್ಟಿಗೆಗೆ ದಾಟಿಸುವ ಭಾಗ), ಮತ್ತು ಆಯಿಲ್ ಒತ್ತಡವನ್ನು ಹಂಚಿ ಗೇರ್ ಬದಲಿಸುವ ವಾಲ್ವ್ ಬಾಡಿಗೆ ಹಾಕುವ ಶಿಫ್ಟ್ ಕಿಟ್. ಮೂರನ್ನೂ ಒಬ್ಬನೇ ಮಾರಾಟಗಾರನಿಂದ ಕೊಂಡು, ಗೆಳೆಯನ ಶೆಡ್ಡಿನಲ್ಲಿ ಇಬ್ಬರೂ ಸೇರಿ ಜೋಡಿಸಿ, ಏಳು ತಿಂಗಳು ಸುಮಾರು ಮೂರೂವರೆ ಟನ್ ತೂಕದ ಟ್ರೇಲರನ್ನು ಏರುದಾರಿಯಲ್ಲೂ ಬಯಲಿನಲ್ಲೂ ಎಳೆದು ನೋಡಿದ ಬಳಿಕ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಟ್ಟಿದ ಮರುದಿನವೇ ಬರೆದಿದ್ದರೆ ಇದು ಬೇರೆಯದೇ ಬರಹವಾಗುತ್ತಿತ್ತು. ಆಗ ಕಿಟ್ಟಿನ ಮೇಲಿದ್ದ ಸಿಟ್ಟು ಈಗ ಅರ್ಧಕ್ಕಿಳಿದಿದೆ, ಕನ್ವರ್ಟರಿನ ಮೇಲಿದ್ದ ಅನುಮಾನ ಪೂರ್ತಿ ಹೋಗಿದೆ.

ಮೊದಲು ಈ ಗೇರ್‌ಬಾಕ್ಸಿನ ಸ್ವಭಾವವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಹಣ ಎಲ್ಲಿ ಹಾಕಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಕ್ರೈಸ್ಲರ್ 1962ರಲ್ಲಿ ತಂದ ಟಾರ್ಕ್‌ಫ್ಲೈಟ್ 727 ಎಂಬ ಮೂರು ಗೇರಿನ ಪೆಟ್ಟಿಗೆಯ ಹಿಂಬದಿಗೆ, ಎಂಜಿನ್ ವೇಗ ತಗ್ಗಿಸುವ ನಾಲ್ಕನೆಯ ಗೇರಾದ ಓವರ್‌ಡ್ರೈವ್ ಘಟಕವೊಂದನ್ನು ಸೇರಿಸಿದರೆ ಸರಿಸುಮಾರು ಇದೇ ಆಗುತ್ತದೆ. ಗೇರ್ ಅನುಪಾತಗಳು 2.45, 1.45, 1.00 ಮತ್ತು 0.69. ಇದರ ಮುಂದೆ ಕೂತಿರುವುದು ಕಮಿನ್ಸ್‌ನ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್. ನನ್ನದು ಹನ್ನೆರಡು ವಾಲ್ವಿನ ಮಾದರಿ. ಅದೇ ಎಂಜಿನ್ನನ್ನು ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಜೊತೆ 215 ಅಶ್ವಶಕ್ತಿಗೆ ಹೊಂದಿಸಿ ಕೊಡುತ್ತಿದ್ದ ಕಾರ್ಖಾನೆ, ಆಟೊಮ್ಯಾಟಿಕ್ ಜೊತೆ 180ಕ್ಕೆ ಮಿತಿಗೊಳಿಸಿತ್ತು ಎಂಬ ಒಂದು ಸಂಗತಿಯೇ ಪೆಟ್ಟಿಗೆಯ ತಾಳಿಕೆಯ ಬಗ್ಗೆ ಸಾಕಷ್ಟು ಹೇಳುತ್ತದೆ. ಡೀಸೆಲ್ ಎಂಜಿನ್ ತನ್ನ ಪೂರ್ಣ ಎಳೆತವನ್ನು 1600 ಆರ್‌ಪಿಎಂ ಆಸುಪಾಸಿನಲ್ಲಿಯೇ ಕೊಟ್ಟುಬಿಡುತ್ತದೆ. ಆ ವೇಗದಲ್ಲಿ ಕ್ಲಚ್ ಪ್ಲೇಟುಗಳನ್ನು ಬಿಗಿಹಿಡಿಯುವ ಆಯಿಲ್ ಒತ್ತಡ ಸಾಕಷ್ಟಿಲ್ಲದಿದ್ದರೆ ಪ್ಲೇಟುಗಳು ಜಾರುತ್ತವೆ, ಜಾರಿದರೆ ಸುಡುತ್ತವೆ.

ನನ್ನ ಪೆಟ್ಟಿಗೆ ಸುಟ್ಟದ್ದು ಹೀಗೆಯೇ, ಮತ್ತು ಅದರಲ್ಲಿ ನನ್ನ ಪಾಲೂ ಇದೆ. ಈ ಪೆಟ್ಟಿಗೆಯಲ್ಲಿ ಆಕ್ಸಿಲರೇಟರಿನ ಸ್ಥಾನವನ್ನು ವಾಲ್ವ್ ಬಾಡಿಗೆ ತಿಳಿಸುವ ಕೇಬಲ್ ಒಂದಿದೆ. ಅದನ್ನು ಎಳೆದಷ್ಟೂ ಲೈನ್ ಒತ್ತಡ, ಅಂದರೆ ಪ್ಲೇಟುಗಳನ್ನು ಹಿಡಿಯುವ ಆ ಆಯಿಲ್ ಒತ್ತಡ, ಏರುತ್ತದೆ. ಹಿಂದಿನ ಮಾಲೀಕ ಗೇರ್ ಬದಲಾವಣೆ ಮೃದುವಾಗಲೆಂದು ಅದನ್ನು ಸಡಿಲ ಬಿಟ್ಟಿದ್ದ. ನಾನು ಅದನ್ನು ಗಮನಿಸದೆ, ಓವರ್‌ಡ್ರೈವಿನಲ್ಲಿಯೇ ಭಾರ ಎಳೆದು ಏರು ಹತ್ತಿಸಿದೆ. ಬಿಚ್ಚಿದಾಗ ಮೂರನೆಯ ಗೇರಿನಲ್ಲಿ ಹಿಡಿಯುವ ಮುಂದಿನ ಕ್ಲಚ್ಚಿನ ಪ್ಲೇಟುಗಳಲ್ಲಿ ಲೈನಿಂಗ್ ಎಂಬುದೇ ಉಳಿದಿರಲಿಲ್ಲ, ಆಯಿಲ್ ಪ್ಯಾನಿನ ತಳದಲ್ಲಿ ಕಪ್ಪು ಗಸಿ ಕೂತಿತ್ತು.

ಇನ್ನು ಕಿಟ್. ಇದರಲ್ಲಿ ಫ್ರಿಕ್ಷನ್ ಪ್ಲೇಟು, ಸ್ಟೀಲ್ ಪ್ಲೇಟು, ಸೀಲು, ಸೀಲಿಂಗ್ ರಿಂಗು, ಗ್ಯಾಸ್ಕೆಟ್ಟು, ಫಿಲ್ಟರು ಹಾಗೂ ಎರಡನೆಯ ಗೇರಿನಲ್ಲಿ ಡ್ರಮ್ಮನ್ನು ಹಿಡಿದು ನಿಲ್ಲಿಸುವ ಮುಂದಿನ ಬ್ಯಾಂಡು ಬಂದವು. ಫ್ರಿಕ್ಷನ್ ಪ್ಲೇಟುಗಳ ಗುಣಮಟ್ಟ ಬೆಲೆಗಿಂತ ಮೇಲಿದೆ: ಲೈನಿಂಗ್ ಸಮನಾಗಿ ಅಂಟಿದೆ, ಅಂಚಿನಲ್ಲಿ ಎಲ್ಲಿಯೂ ಎದ್ದಿಲ್ಲ, ಎಟಿಎಫ್ ಪ್ಲಸ್ 4 ಎಂಬ ಆಟೊಮ್ಯಾಟಿಕ್ ಗೇರ್ ಆಯಿಲಿನಲ್ಲಿ ರಾತ್ರಿಯಿಡೀ ನೆನೆಸಿದ ಮೇಲೂ ಪದರ ಬಿಡಲಿಲ್ಲ. ಸ್ಟೀಲ್ ಪ್ಲೇಟುಗಳ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಒಂದೇ ಕಟ್ಟಿನೊಳಗೆ ಎರಡು ದಪ್ಪದ ಪ್ಲೇಟುಗಳು ಬೆರೆತಿದ್ದವು, ಮತ್ತು ಅವನ್ನು ಹಾಗೆಯೇ ಜೋಡಿಸಿದ್ದರೆ ಕ್ಲಚ್ಚಿನ ಸಂದು ಅಗತ್ಯಕ್ಕಿಂತ ಹೆಚ್ಚಾಗಿ, ಪಿಸ್ಟನ್ ದೂರ ಚಲಿಸಿ, ಹಿಡಿತ ತಡವಾಗುತ್ತಿತ್ತು. ಮೈಕ್ರೋಮೀಟರಿನಲ್ಲಿ ಒಂದೊಂದನ್ನೂ ಅಳೆದು, ಫೀಲರ್ ಗೇಜಿನಲ್ಲಿ ಸಂದು ನೋಡಿ, ಹಳೆಯ ಪ್ಲೇಟುಗಳ ಪೈಕಿ ನೀಲಿಗಟ್ಟದೆ ಚಪ್ಪಟೆಯಾಗಿ ಉಳಿದಿದ್ದ ಎರಡನ್ನು ಸೇರಿಸಿಕೊಂಡ ಮೇಲಷ್ಟೇ ಲೆಕ್ಕ ಸರಿಹೋಯಿತು. ಅಳೆಯುವ ಸಾಧನವಿಲ್ಲದವರು ಈ ಕಿಟ್ ಕೊಳ್ಳಬಾರದು ಎಂದೇ ಹೇಳುತ್ತೇನೆ.

‘ಮಾಸ್ಟರ್’ ಎಂಬ ಹೆಸರು ನಂಬಿ ಬುಷ್‌ಗಳೂ ಇರುತ್ತವೆಂದು ನಾನು ಎಣಿಸಿದ್ದೆ, ಇರಲಿಲ್ಲ. ಪಂಪಿನ ಬುಷ್ ಸವೆದಿದ್ದರೆ ಕನ್ವರ್ಟರಿನ ಕತ್ತು ಅಲುಗಾಡಿ ಹೊಸ ಸೀಲೂ ಬೇಗನೆ ಸೋರುತ್ತದೆ, ಆದ್ದರಿಂದ ಬುಷ್‌ಗಳನ್ನು ಬೇರೆಯಾಗಿ ತರಿಸಬೇಕಾಯಿತು. ಗ್ಯಾಸ್ಕೆಟ್ಟುಗಳು ಮಾತ್ರ ಬೇಕಾದ್ದಕ್ಕಿಂತ ಹೆಚ್ಚಿದ್ದವು, ಏಕೆಂದರೆ ಇದೇ ಕುಟುಂಬದ ಹಲವು ಪೆಟ್ಟಿಗೆಗಳಿಗೆ ಒಂದೇ ಕಿಟ್ ಕಳಿಸುತ್ತಾರೆ. ಹಳೆಯದರ ಮೇಲೆ ಹೊಸದನ್ನಿಟ್ಟು ತೂತಿಗೆ ತೂತು ಹೊಂದಿಸಿ ನೋಡದೆ ಯಾವುದನ್ನೂ ಕೂರಿಸುವಂತಿಲ್ಲ. ಗೇರ್ ಬೀಳುವ ಧಕ್ಕೆಯನ್ನು ತಗ್ಗಿಸುವ ಅಕ್ಯುಮುಲೇಟರಿನ ಒಂದು ಸೀಲಿಂಗ್ ರಿಂಗ್ ಕಾಣೆಯಾಗಿತ್ತು. ಚಿತ್ರ ಕಳಿಸಿದ ಮೇಲೆ ಮಾರಾಟಗಾರ ವಾದ ಮಾಡದೆ, ಹಣವನ್ನೂ ಕೇಳದೆ ನಾಲ್ಕು ದಿನಗಳಲ್ಲಿ ಕಳಿಸಿಕೊಟ್ಟ.

ಜೊತೆಗೆ ಬಂದ ಮಾಹಿತಿ ಪತ್ರದ ಬಗ್ಗೆ ಮಾತ್ರ ನನಗೆ ನಿಜವಾದ ಆಕ್ಷೇಪವಿದೆ. ಅದು ಮೂರು ಗೇರಿನ ಹಳೆಯ ಪೆಟ್ಟಿಗೆಯ ಮಸುಕಾದ ಚಿತ್ರವೇ ಹೊರತು, ಹಿಂಬದಿಯ ಓವರ್‌ಡ್ರೈವ್ ಘಟಕದ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ಘಟಕದ ಒಳಗಿರುವ ಡೈರೆಕ್ಟ್ ಕ್ಲಚ್ಚಿನ ಸ್ಪ್ರಿಂಗು ಸುಮಾರು 800 ಪೌಂಡ್, ಅಂದರೆ 360 ಕಿಲೋಗೂ ಮಿಕ್ಕಿದ ಒತ್ತಡದಲ್ಲಿ ಕೂತಿರುತ್ತದೆ. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಅದುಮಿ ಹಿಡಿಯದೆ ಸ್ನ್ಯಾಪ್ ರಿಂಗ್ ತೆಗೆದವನ ಕೈ ಉಳಿಯುವುದು ಅದೃಷ್ಟದ ಮಾತು. ಓವರ್‌ಡ್ರೈವಿನ ಪ್ಲೇಟುಗಳನ್ನು ಕಿಟ್ಟಿನಲ್ಲಿ ಕೊಟ್ಟು, ಈ ಎಚ್ಚರಿಕೆಯನ್ನು ಕೊಡದಿರುವುದು ಸಣ್ಣ ತಪ್ಪಲ್ಲ. ನಾವು ಕಾರ್ಖಾನೆಯ ಸರ್ವಿಸ್ ಮ್ಯಾನ್ಯುಯಲ್ ಮುಂದಿಟ್ಟುಕೊಂಡೇ ಕೆಲಸ ಮಾಡಿದೆವು, ಮತ್ತು ಆ ಒಂದು ಕೆಲಸಕ್ಕಾಗಿ ಪೆಟ್ಟಿಗೆಯ ಹಿಂಭಾಗವನ್ನು ಪ್ರೆಸ್ ಇರುವ ವರ್ಕ್‌ಶಾಪಿಗೆ ಹೊತ್ತೊಯ್ದೆವು.

ಕನ್ವರ್ಟರಿನ ಬೆಲೆ ಕಿಟ್ಟಿನ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚು. ಹಳೆಯದನ್ನೇ ತೊಳೆದು ಹಾಕೋಣವೆಂದು ಗೆಳೆಯ ಒತ್ತಾಯಿಸಿದ. ಸುಟ್ಟ ಪೆಟ್ಟಿಗೆಯ ಕನ್ವರ್ಟರ್ ಬೆಸುಗೆ ಹಾಕಿ ಮುಚ್ಚಿದ ಡಬ್ಬಿಯಾದ್ದರಿಂದ ಒಳಗಿನ ಲೈನಿಂಗ್ ಪುಡಿಯನ್ನು ಕತ್ತರಿಸದೆ ತೆಗೆಯಲಾಗುವುದಿಲ್ಲ ಎಂಬ ಕಾರಣಕ್ಕೆ ನಾನು ಒಪ್ಪಲಿಲ್ಲ. ತರಿಸಿದ್ದು ಒಂದೇ ಲಾಕ್‌ಅಪ್ ಕ್ಲಚ್ (ಎಂಜಿನ್ನನ್ನೂ ಪೆಟ್ಟಿಗೆಯನ್ನೂ ಜಾರದಂತೆ ನೇರವಾಗಿ ಬೆಸೆಯುವಂಥದ್ದು) ಇರುವ, ಆದರೆ ಸ್ಟಾಲ್ ವೇಗ ಕಡಿಮೆ ಮಾಡಿದ ಕನ್ವರ್ಟರ್. ಸ್ಟಾಲ್ ವೇಗವೆಂದರೆ ಚಕ್ರ ನಿಂತಿರುವಾಗ ಎಂಜಿನ್ ಕನ್ವರ್ಟರನ್ನು ಮೀರಿ ಏರಬಹುದಾದ ವೇಗ. ಕೆಳಗಿನ ಆರ್‌ಪಿಎಂನಲ್ಲಿಯೇ ಎಳೆತವಿರುವ ಡೀಸೆಲ್ಲಿಗೆ ಅದು ಕಡಿಮೆಯಿದ್ದಷ್ಟೂ ಎಂಜಿನ್ನಿನ ಶ್ರಮ ಆಯಿಲನ್ನು ಕಡೆದು ಬಿಸಿಮಾಡುವುದರಲ್ಲಿ ವ್ಯರ್ಥವಾಗುವುದು ತಪ್ಪುತ್ತದೆ. ಬದಲಾವಣೆ ಮೊದಲ ದಿನವೇ ತಿಳಿಯಿತು. ಹಿಂದೆ ಟ್ರೇಲರ್ ಕಟ್ಟಿಕೊಂಡು ಹೊರಡುವಾಗ ಎಂಜಿನ್ನಿನ ಸದ್ದು ಮೊದಲು ಏರಿ, ಟ್ರಕ್ ಆಮೇಲೆ ಮನಸ್ಸು ಮಾಡುತ್ತಿತ್ತು; ಈಗ ಎರಡೂ ಒಟ್ಟಿಗೇ ಹೊರಡುತ್ತವೆ. ಮೂರು ಲಾಕ್‌ಅಪ್ ಡಿಸ್ಕ್‌ಗಳ ಕನ್ವರ್ಟರ್ ಇನ್ನೂ ಬಲವಾದದ್ದು ನಿಜ, ಆದರೆ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸದೆ ಕಾರ್ಖಾನೆಯ ಮಟ್ಟದಲ್ಲಿಯೇ ಇಟ್ಟುಕೊಂಡು ಭಾರ ಎಳೆಯುವವರಿಗೆ ಅದರ ಬೆಲೆ ದುಬಾರಿಯಾಯಿತು.

ಶಿಫ್ಟ್ ಕಿಟ್ ನೋಡಲು ಏನೂ ಅಲ್ಲ: ಅಂಗೈಯಷ್ಟು ಪೊಟ್ಟಣದಲ್ಲಿ ಕೆಲವು ಸ್ಪ್ರಿಂಗುಗಳು, ಒಂದೆರಡು ವಾಲ್ವುಗಳು ಮತ್ತು ತೂತುಗಳನ್ನು ಬದಲಿಸಿ ಕೊರೆದ ಒಂದು ತಗಡು. ಆದರೆ ಇಡೀ ಖರೀದಿಯಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಮ್ಯಾನ್ಯುಯಲ್ ಪ್ರಕಾರ ಮೊದಲ ಗೇರಿನಲ್ಲಿ 1000 ಆರ್‌ಪಿಎಂ ವೇಗದಲ್ಲಿ ಲೈನ್ ಒತ್ತಡ 54ರಿಂದ 60 ಪಿಎಸ್‌ಐ ಇದ್ದು, ಥ್ರಾಟಲ್ ಲಿವರನ್ನು ಪೂರ್ತಿ ಸರಿಸಿದಾಗ 90ರಿಂದ 96ಕ್ಕೆ ಏರಬೇಕು. ಶಿಫ್ಟ್ ಕಿಟ್ ಹಾಕಿದ ಮೇಲೆ ನಮ್ಮ ಗೇಜಿನ ಮುಳ್ಳು ಎರಡೂ ತುದಿಗಳಲ್ಲಿ ಸ್ಪಷ್ಟವಾಗಿ ಮೇಲೆ ನಿಂತಿತು. ಗೇರ್ ಬೀಳುವುದು ಈಗ ಬೆನ್ನಿಗೆ ಗೊತ್ತಾಗುತ್ತದೆ, ಮುಖ್ಯವಾಗಿ ಒಂದರಿಂದ ಎರಡಕ್ಕೆ. ಖಾಲಿ ಟ್ರಕ್ಕಿನಲ್ಲಿ ಊರೊಳಗೆ ಓಡಾಡುವಾಗ ಇದು ಕಿರಿಕಿರಿ ಎನಿಸಬಹುದು, ಭಾರ ಕಟ್ಟಿದಾಗ ಅದೇ ನೆಮ್ಮದಿ. ಒತ್ತಡ ಅಳೆಯುವವರು ರಿವರ್ಸಿಗಾಗಿ 300 ಪಿಎಸ್‌ಐ ವರೆಗಿನ ಗೇಜನ್ನು ಇಟ್ಟುಕೊಳ್ಳಬೇಕು, ಏಕೆಂದರೆ ಆ ಗೇರಿನಲ್ಲಿ ಒತ್ತಡ ಮುಂದಿನ ಗೇರುಗಳಿಗಿಂತ ಬಹಳ ಹೆಚ್ಚಿರುತ್ತದೆ. ವಾಲ್ವ್ ಬಾಡಿ ಕೆಳಗಿಳಿದಿರುವಾಗಲೇ ಗವರ್ನರ್ ಒತ್ತಡದ ಸೊಲೆನಾಯ್ಡ್ ಮತ್ತು ಸೆನ್ಸರನ್ನೂ ಹೊಸದು ಹಾಕಿದೆವು. ಗೇರ್ ತಪ್ಪು ವೇಗದಲ್ಲಿ ಬೀಳುವುದಕ್ಕೆ ಈ ಜೋಡಿಯೇ ಸಾಮಾನ್ಯ ಕಾರಣ, ಮತ್ತು ಇದು ಯಾವ ಕಿಟ್ಟಿನಲ್ಲಿಯೂ ಬಂದಿರಲಿಲ್ಲ.

ಮುಂಭಾಗದ ಆಯಿಲ್ ಕೂಲರಿನ ಖರ್ಚನ್ನು ನಾನು ಮೊದಲು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹಳೆಯ ಕೂಲರಿನ ಸಣ್ಣ ಸಂದುಗಳಲ್ಲಿ ಸಿಕ್ಕಿದ ಕಸ ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ, ಮತ್ತು ಅದು ಬಿಡಿಸಿಕೊಂಡು ಬರುವುದು ಹೊಸ ಪೆಟ್ಟಿಗೆಗೇ. ಹೊಸ ಕೂಲರ್ ಹಾಕಿ, ಉಷ್ಣಾಂಶದ ಮೀಟರನ್ನೂ ಕೂರಿಸಿದೆ. ಪ್ಯಾನಿನಲ್ಲಿ ಅಳೆದರೆ ಪೆಟ್ಟಿಗೆಯ ಸರಾಸರಿ ಬಿಸಿ ತಿಳಿಯುತ್ತದೆ. ಕನ್ವರ್ಟರಿನಿಂದ ಕೂಲರಿಗೆ ಹೋಗುವ ಕೊಳವೆಯಲ್ಲಿ ಅಳೆದರೆ ಆ ಕ್ಷಣದ ಬಿಸಿ ತಿಳಿಯುತ್ತದೆ, ಅದು ಕೆಲವೇ ನಿಮಿಷಗಳಲ್ಲಿ ಹೆದರಿಸುವಷ್ಟು ಏರಿ ಇಳಿಯುತ್ತದೆ. ನಾನು ಪ್ಯಾನಿನಲ್ಲಿಯೇ ಹಾಕಿಸಿದೆ. ಬಯಲಿನಲ್ಲಿ ಟ್ರೇಲರ್ ಸಮೇತ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಉದ್ದನೆಯ ಏರಿನಲ್ಲಿ ಲಾಕ್‌ಅಪ್ ಬಿಟ್ಟುಹೋದಾಗ 100 ದಾಟುತ್ತದೆ. ಓವರ್‌ಡ್ರೈವ್ ಬಟನ್ ಒತ್ತಿ ಮೂರನೆಯ ಗೇರಿಗೆ ಇಳಿಸಿ ಲಾಕ್‌ಅಪ್ ಹಿಡಿಯಲು ಬಿಟ್ಟರೆ ನಿಧಾನವಾಗಿ ಕೆಳಗಿಳಿಯುತ್ತದೆ.

ಜೋಡಿಸುವವರಿಗೆ ಎರಡು ಮಾತು. ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಕೂರುವ ತನಕ ತಿರುಗಿಸುತ್ತಲೇ ಒಳಗೆ ತಳ್ಳಬೇಕು. ಅರ್ಧ ಕೂತಿರುವಾಗ ಬೋಲ್ಟ್ ಬಿಗಿದು ಎಳೆದುಕೊಂಡರೆ ಪಂಪ್ ಅಲ್ಲಿಗೇ ಒಡೆಯುತ್ತದೆ. ಆಯಿಲ್ ಮಟ್ಟವನ್ನು ಎಂಜಿನ್ ಓಡುತ್ತಿರುವಾಗ, ನ್ಯೂಟ್ರಲಿನಲ್ಲಿ ನೋಡಬೇಕು, ಏಕೆಂದರೆ ಪಾರ್ಕ್ ಸ್ಥಾನದಲ್ಲಿ ಈ ಪೆಟ್ಟಿಗೆ ಕನ್ವರ್ಟರಿಗೆ ಆಯಿಲ್ ಕಳಿಸುವುದಿಲ್ಲ. ಬ್ಯಾಂಡುಗಳ ಸ್ಕ್ರೂವನ್ನು 72 ಇಂಚ್-ಪೌಂಡ್‌ಗೆ ಬಿಗಿದು, ಮ್ಯಾನ್ಯುಯಲ್ ಹೇಳಿದಷ್ಟು ಸುತ್ತು ಹಿಂದಕ್ಕೆ ತಿರುಗಿಸಬೇಕು. ಅಂದಾಜಿನ ಕೈಲೆಕ್ಕ ಇಲ್ಲಿ ನಡೆಯದು. (ಮಾತು ಮೂರಾದವು, ಇರಲಿ.)

ಈ ಜೋಡಣೆ ಎಲ್ಲರಿಗೂ ಹೊಂದುವುದಿಲ್ಲ. ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿಯನ್ನು ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಬ್ರೇಕ್) ಹಾಕಿಸಬೇಕೆಂದಿರುವವರು ಇಷ್ಟಕ್ಕೇ ನಿಲ್ಲಬಾರದು: ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಿರುವುದರಿಂದ ಕೇಬಲ್ ಸಡಿಲಾಗಿ ಲೈನ್ ಒತ್ತಡ ತಳಕ್ಕಿಳಿದಿರುತ್ತದೆ, ಬ್ರೇಕಿನ ಹೊರೆ ಬೀಳುವುದು ಸರಿಯಾಗಿ ಆಗಲೇ. ಅದಕ್ಕೆ ಪೂರ್ತಿಯಾಗಿ ಮಾರ್ಪಡಿಸಿದ ವಾಲ್ವ್ ಬಾಡಿಯೇ ಬೇಕು. ಎಂಜಿನ್ನಿನ ಇಂಜೆಕ್ಟರ್ ಬದಲಿಸಿ ಶಕ್ತಿ ಏರಿಸುವವರಿಗೆ ಮೊದಲು ಬಲವಾದ ಇನ್‌ಪುಟ್ ಶಾಫ್ಟ್ ಹಾಗೂ ಮೂರು ಡಿಸ್ಕಿನ ಕನ್ವರ್ಟರ್ ಬೇಕಾಗುತ್ತವೆ. ನಾನು ಆ ಶಾಫ್ಟಿನ ಹಣವನ್ನೇ ಉಳಿಸಿ ಕೂಲರಿಗೂ ಕನ್ವರ್ಟರಿಗೂ ಹಾಕಿದ್ದು.

ಐದಕ್ಕೆ ಅಂಕ ಕೊಡುವುದಾದರೆ ಶಿಫ್ಟ್ ಕಿಟ್ಟಿಗೆ ಐದು, ಕನ್ವರ್ಟರಿಗೆ ನಾಲ್ಕೂವರೆ, ರೀಬಿಲ್ಡ್ ಕಿಟ್ಟಿಗೆ ಮೂರು. ಬೆರೆತ ಸ್ಟೀಲ್ ಪ್ಲೇಟುಗಳಿಗೆ ಒಂದು, ಆ ಮಾಹಿತಿ ಪತ್ರಕ್ಕೆ ಇನ್ನೊಂದು ಕಳೆದಿದ್ದೇನೆ. ಉಳಿದಿರುವ ಒಂದೇ ದೂರು, ಟ್ರಕ್ ಎರಡು ಮೂರು ದಿನ ನಿಂತಿದ್ದರೆ ಬೆಳಗ್ಗೆ ಗೇರ್ ಹಿಡಿಯಲು ಕೆಲವು ಕ್ಷಣ ತಡವಾಗುತ್ತದೆ. ಕನ್ವರ್ಟರಿನ ಆಯಿಲ್ ರಾತ್ರಿ ಪ್ಯಾನಿಗೆ ಇಳಿದುಬರುವುದು ಅದಕ್ಕೆ ಕಾರಣ, ನ್ಯೂಟ್ರಲಿನಲ್ಲಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಿದರೆ ಸರಿಹೋಗುತ್ತದೆ. ಮೊದಲ 800 ಕಿಲೋಮೀಟರ್ ಆದ ಮೇಲೆ ಪ್ಯಾನ್ ಇಳಿಸಿ ನೋಡಿದ್ದೆ, ಕಳೆದ ವಾರ ಮತ್ತೆ ಇಳಿಸಿದೆ. ಅಯಸ್ಕಾಂತದ ಮೇಲೆ ಎರಡು ಸಲವೂ ಇದ್ದದ್ದು ಬೆರಳಿಗೆ ಮೆತ್ತುವ ತೆಳುವಾದ ಬೂದು ಲೇಪ ಮಾತ್ರ. ಲೋಹದ ಚಕ್ಕೆಯಾಗಲಿ ಸುಟ್ಟ ವಾಸನೆಯಾಗಲಿ ಇರಲಿಲ್ಲ.